ಮಾರಿದ ಮೇಲೂ ಬಿಡದ ಕೈ

ಘೋಣಸಗಿಯಲ್ಲಿ ನನ್ನ ಮಿತ್ರರೊಬ್ಬರು ದ್ರಾಕ್ಷಿ ಬೆಳೆಗಾರರಿದ್ದಾರೆ. ಅಕ್ಟೋಬರ್ ಚಾಟ್ನಿಯ ದಿನಗಳಲ್ಲಿ ಮೊಬೈಲನ್ನು ಅಂಗಿಯ ಕಿಸೆಯಲ್ಲಿರಿಸಿ, ಇಯರ್‌ಫೋನಿನ ತಂತಿಯನ್ನು ಕಿವಿಗೆ ಸಿಕ್ಕಿಸಿಕೊಂಡು, ವಿಜಯಪುರ ಆಕಾಶವಾಣಿಯನ್ನು ಆಲಿಸುತ್ತ ಬಳ್ಳಿ ಕತ್ತರಿಸುವುದು ಅವರ ರೂಢಿ. ಆ ತಂತಿಯೇ ರೇಡಿಯೊಗೆ ಆಂಟೆನಾ. ಅಂತರಜಾಲದ ಹಂಗಿಲ್ಲ, ಖರ್ಚೂ ಇಲ್ಲ. ಮಳೆಯ ಮುನ್ಸೂಚನೆ ದೊರೆತರೆ ಡೌನಿ ರೋಗಕ್ಕೆ ಔಷಧ ಸಿಂಪಡಿಸುವ ಹೊತ್ತನ್ನು ನಿರ್ಧರಿಸಬಹುದು. ದ್ರಾಕ್ಷಿಯವನಿಗೆ ಒಂದು ಅಕಾಲಿಕ ಮಳೆಯೆಂದರೆ ಒಂದು ವರ್ಷದ ಬದುಕು.

ಒಂದು ಮುಂಜಾನೆ ಅವರು ಮೊಬೈಲನ್ನು ಹಿಡಿದುಕೊಂಡೇ ನಮ್ಮ ಮನೆಗೆ ಬಂದರು. "ಮಾಸ್ತರ, ನಾ ಏನೂ ಮುಟ್ಟಿಲ್ರಿ. ರಾತ್ರಿ ಚಾರ್ಜಿಗೆ ಹಚ್ಚಿ ಮಲಗೀನಿ. ಅಪ್‌ಡೇಟ್ ಆಗೇತಿ ಅಂತ ಬಂತು, ರೇಡಿಯೊನ ಇಲ್ಲ. ರೊಕ್ಕಾ ನಾ ಕೊಟ್ಟೀನಿ, ಮೊಬೈಲ್ ನಂದೋ ಅವರದೋ?"

ಈ ಪ್ರಶ್ನೆಗೆ ನನ್ನಲ್ಲಿ ಸಿದ್ಧ ಉತ್ತರವಿರಲಿಲ್ಲ. ಸಿದ್ಧೇಶ್ವರ ಜಾತ್ರೆಯ ದನದ ಪೇಟೆಯಲ್ಲಿ ಎತ್ತು ಮಾರಿದವನು ತಿಂಗಳು ಕಳೆದು ರಾತ್ರಿ ಹಟ್ಟಿಗೆ ಬಂದು, ರೋಗ ಬಾರದಂತೆ ಔಷಧ ಕುಡಿಸುತ್ತೇನೆಂದು ಹೇಳಿ ಕುಡಿಸಿ ಹೋದನೆನ್ನಿ. ಬೆಳಗಾಗುವಾಗ ಎತ್ತು ಗಾಡಿ ಎಳೆಯದಾಯಿತು. ಅವನನ್ನು ಊರು ಸುಮ್ಮನೆ ಬಿಟ್ಟೀತೇ? 1930ರ ಸರಕು ಮಾರಾಟ ಕಾಯ್ದೆಯ 14ನೆಯ ಕಲಮಿನಲ್ಲಿ, ಕೊಂಡವನು ಕೊಂಡ ವಸ್ತುವನ್ನು ನಿರಾತಂಕವಾಗಿ ಅನುಭವಿಸುವನೆಂಬ ಭರವಸೆ ಅಡಕವಾಗಿದೆ. ಆದರೆ ಇಲ್ಲೊಂದು ತೊಡಕು: ಮಾರಿದವನು ಅಂಗಡಿಯವನು, ಕಿತ್ತುಕೊಂಡವನು ದೂರದ ತಯಾರಕ.

ತಯಾರಕರ ಪಕ್ಷವನ್ನೂ ಕೇಳೋಣ. ಕಳ್ಳಗಿಂಡಿಗಳನ್ನು ಮುಚ್ಚಲು ಅಪ್‌ಡೇಟ್ ಅಗತ್ಯ ಎನ್ನುತ್ತಾರೆ, ಅದು ನಿಜ. ಗ್ರಾಹಕನೇ 'ಒಪ್ಪಿದ್ದೇನೆ' ಎಂಬ ಗುಂಡಿಯನ್ನು ಒತ್ತಿದ್ದಾನೆ ಎನ್ನುತ್ತಾರೆ. ಅದು ಅರ್ಧ ನಿಜ. 2010ರ ಏಪ್ರಿಲ್ 1ರಂದು ಸೋನಿ ಸಂಸ್ಥೆಯು ಪ್ಲೇಸ್ಟೇಷನ್ 3 ಎಂಬ ಆಟದ ಯಂತ್ರದಲ್ಲಿ ಲಿನಕ್ಸ್ ಮುಂತಾದ ಬೇರೆ ಕಾರ್ಯವ್ಯವಸ್ಥೆಯನ್ನು ಅಳವಡಿಸುವ ಸೌಕರ್ಯವನ್ನು ಅಪ್‌ಡೇಟ್ ಮೂಲಕ ತೆಗೆದುಹಾಕಿತು. ಭದ್ರತೆಯ ಕಾರಣವನ್ನು ಮುಂದಿಟ್ಟಿತು. ಬೇಡವೆಂದವರು ಅಪ್‌ಡೇಟನ್ನು ನಿರಾಕರಿಸಬಹುದಿತ್ತು. ನಿರಾಕರಿಸಿದರೆ ಸಂಸ್ಥೆಯ ಜಾಲದಲ್ಲಿ ಪ್ರವೇಶವಿರಲಿಲ್ಲ. ಎರಡು ಕಣ್ಣುಗಳಲ್ಲಿ ಯಾವುದನ್ನು ಕೀಳಲಿ ಎಂದು ಕೇಳಿ ಪಡೆದ ಉತ್ತರವನ್ನು ಒಪ್ಪಿಗೆ ಎನ್ನಲು ನನ್ನ ಮನಸ್ಸು ಹಿಂಜರಿಯುತ್ತದೆ. ಅಮೆರಿಕದಲ್ಲಿ ಅದರ ಮೊಕದ್ದಮೆ ಹಲವು ವರ್ಷ ನಡೆದು ರಾಜಿಯಲ್ಲಿ ಮುಗಿಯಿತು. ಇಟಲಿ ಇನ್ನಷ್ಟು ನಿಷ್ಠುರವಾಯಿತು: ಹಳೆಯ ಫೋನುಗಳನ್ನು ಮಂದಗೊಳಿಸಿದ ಅಪ್‌ಡೇಟ್‌ಗಳಿಗಾಗಿ 2018ರಲ್ಲಿ ಆ್ಯಪಲ್‌ಗೆ 1 ಕೋಟಿ ಯೂರೊ, ಸ್ಯಾಮ್‌ಸಂಗ್‌ಗೆ 50 ಲಕ್ಷ ಯೂರೊ ದಂಡ ವಿಧಿಸಿತು.

ನಮ್ಮಲ್ಲಿ? ಮಿತ್ರರ ಅಳಲಿಗೆ ಅತಿ ಸಮೀಪವಾದ ಘಟನೆ 2023ರ ಏಪ್ರಿಲ್‌ನದು. ಎಫ್.ಎಂ. ರೇಡಿಯೊ ಇರುವ ಮೊಬೈಲುಗಳಲ್ಲಿ ಅದನ್ನು ನಿಷ್ಕ್ರಿಯಗೊಳಿಸಬಾರದೆಂದು ಕೇಂದ್ರದ ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಸಚಿವಾಲಯವು ತಯಾರಕರ ಸಂಘಗಳಿಗೆ ತಿಳಿಸಿತು. ವಿಪತ್ತಿನ ವೇಳೆ ರೇಡಿಯೊ ಪ್ರಾಣರಕ್ಷಕ ಎಂಬುದು ಅದರ ಒಂದು ಮುಖ್ಯ ಆಧಾರ. ಆದರೆ ಅದು ಸಲಹೆ, ಕಾನೂನಲ್ಲ. 2025ರ ಜನವರಿಯಲ್ಲಿ ಐಓಎಸ್ 18ರ ಅಪ್‌ಡೇಟ್‌ನ ಬಳಿಕ ಐಫೋನುಗಳಲ್ಲಿ ತೊಂದರೆ ಕಾಣಿಸಿತೆಂಬ ದೂರುಗಳ ಮೇಲೆ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಆ್ಯಪಲ್‌ಗೆ ನೋಟಿಸು ನೀಡಿತು.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅಪ್‌ಡೇಟನ್ನು ಹೆಸರಿಸಿ ಏನನ್ನೂ ಹೇಳುವುದಿಲ್ಲ. ಆದರೂ ಅದರಲ್ಲಿ ಎರಡು ಮಾತುಗಳು ಮಿತ್ರರ ಕೈಗೆ ಸಿಗುವಂತಿವೆ. ವರ್ತಕನೆಂಬ ಪದದಲ್ಲಿ ತಯಾರಕನೂ ಸೇರುತ್ತಾನೆ. ವರ್ತಕನು ಸಾರಿದ ಗುಣಮಟ್ಟದಲ್ಲಿ ಕೊರತೆ ಕಂಡರೆ ಅದು ದೋಷ. ಪೆಟ್ಟಿಗೆಯ ಮೇಲೆ ಎಫ್.ಎಂ. ರೇಡಿಯೊ ಎಂದು ಅಚ್ಚಾಗಿದ್ದರೆ ಅದು ಸಾರಿದ ಮಾತೇ. ಕೊಂಡ ದಿನ ಇದ್ದುದನ್ನು ಆಮೇಲೆ ತೆಗೆದರೆ ದೋಷವಾಗುವುದೇ ಎಂದು ಎದುರು ವಕೀಲರು ಕೇಳಿಯಾರು. ಕೇಳಲಿ; ಅದನ್ನು ಆಯೋಗದ ಮುಂದೆಯೇ ಕೇಳಲಿ ಎಂಬುದು ನನ್ನ ಮತ.

ಇದಕ್ಕಾಗಿ ಬೆಂಗಳೂರಿಗೆ ಹೋಗಬೇಕಿಲ್ಲ. ಗ್ರಾಹಕನು ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ. ಅವಧಿ ಎರಡು ವರ್ಷ. ಒಂದೇ ನಷ್ಟಕ್ಕೆ ಗುರಿಯಾದ ಹಲವರ ಪರವಾಗಿ ಒಬ್ಬರೇ ಆಯೋಗದ ಅನುಮತಿ ಪಡೆದು ಹೋರಾಡಲೂಬಹುದು. ಒಂದು ರೇಡಿಯೊಗಾಗಿ ಯಾರು ಕಚೇರಿ ಅಲೆದಾರು ಎಂಬುದರ ಮೇಲೆಯೇ ತಯಾರಕನ ಧೈರ್ಯ ನಿಂತಿರುವುದರಿಂದ ಈ ಕೊನೆಯ ಅವಕಾಶ ಹೆಚ್ಚಿನದೆಂದು ನಾನು ಎಣಿಸುತ್ತೇನೆ.

ಮಿತ್ರರು ಮೊದಲು 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಕರೆ ಮಾಡಿದರು. ದೂರಿನ ಸಂಖ್ಯೆಯನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಟ್ಟಿದ್ದಾರೆ. ಬಿಲ್ಲು ಸಿಕ್ಕಿದೆ. ಪೆಟ್ಟಿಗೆಯಲ್ಲಿ ಅವರ ಮೊಮ್ಮಗಳು ಬಳೆ ತುಂಬಿಟ್ಟಿದ್ದಳು. ಅದನ್ನು ತೆರವು ಮಾಡಿಸಿ, ರೇಡಿಯೊ ಎಂದು ಅಚ್ಚಾದ ಬದಿಯನ್ನು ನನಗೆ ತೋರಿಸಿದರು.