ಕುರಿ ಅಳೋದಿಲ್ಲ, ಹಾಗಾದ್ರೆ ಗಂಡಸು?

ನನ್ನೂರು ತಿಪಟೂರಿನ ಹತ್ತಿರ. ಪುಣೆಗೆ ಬಂದು ಹನ್ನೊಂದು ವರ್ಷ ಆಯ್ತು. ಇವತ್ತು ಆಫ್ರಿಕಾದ ಗಂಡಸರ ಬಗ್ಗೆ ಮಾತಾಡ್ತೀನಿ. ಇವನಿಗ್ಯಾಕಪ್ಪ ಆಫ್ರಿಕಾ ಉಸಾಬರಿ ಅಂತ ಅನ್ನಿಸಬಹುದು. ಅದನ್ನೇ ಮೊದಲು ಹೇಳಿಬಿಡ್ತೀನಿ.

ಕೆಲವು ವರ್ಷದ ಹಿಂದೆ ನಮ್ಮ ಪ್ರಾಜೆಕ್ಟಿನ ಒಂದು ಟೀಮ್ ಜೋಹಾನ್ಸ್‌ಬರ್ಗ್‌ನಲ್ಲಿತ್ತು. ಅಲ್ಲಿ ಲೆಸೊಥೊ ದೇಶದ ಒಬ್ಬ ಹುಡುಗ ಇದ್ದ. ರಾತ್ರಿ ಪಾಳಿಯಲ್ಲಿ ನಾವಿಬ್ಬರೇ. ಸರ್ವರ್ ಕೆಲಸ ಮುಗಿಯೋ ತನಕ ಹರಟೆ. ಒಂದ್ಸಲ ಅವನ ಅಪ್ಪನ ಬಗ್ಗೆ ಕೇಳಿದೆ. ಚಿನ್ನದ ಗಣಿಯಲ್ಲಿದ್ರು, ಮಾತು ಕಮ್ಮಿ ಅಂದ. ಆಮೇಲೆ ತನ್ನ ಭಾಷೆಯ ಗಾದೆ ಹೇಳಿದ: ಗಂಡಸು ಅಂದ್ರೆ ಕುರಿ, ಅವನು ಅಳೋದಿಲ್ಲ.

ನಾನು ನಕ್ಕುಬಿಟ್ಟೆ. ನಮ್ಮಲ್ಲಿ ಕುರಿ ಅಂದ್ರೆ ದಡ್ಡ ಅಂತ ಅರ್ಥ ತಾನೇ? ಅವನು ಬಿಡಿಸಿ ಹೇಳಿದ. ಕುಯ್ಯುವಾಗ ಮೇಕೆ ಕಿರುಚುತ್ತೆ, ಕುರಿ ಸುಮ್ಮನಿರುತ್ತೆ. ಗಂಡಸು ಹಾಗಿರಬೇಕಂತೆ. ಹತ್ತಿರದ ಬೋಟ್ಸ್ವಾನಾದಲ್ಲಿ ಇದೇ ಗಾದೆ ಇನ್ನೊಂದು ಥರ ಇದೆ: ಗಂಡಸು ಕುರಿ, ಅವನು ಒಳಗೊಳಗೇ ಅಳ್ತಾನೆ. ನನ್ನ ನಗು ನಿಂತುಹೋಯ್ತು. ಅಳೋ ಗಂಡಸನ್ನ ನಂಬಬೇಡ ಅಂತ ನಮ್ಮಜ್ಜಿನೂ ಹೇಳ್ತಿದ್ರು. ಎರಡು ಖಂಡ, ಒಂದೇ ಪಾಠ.

ಲೆಸೊಥೊ ಪುಟ್ಟ ಬೆಟ್ಟದ ದೇಶ. ಸುತ್ತಲೂ ದಕ್ಷಿಣ ಆಫ್ರಿಕಾ. ನೂರಕ್ಕೂ ಹೆಚ್ಚು ವರ್ಷದಿಂದ ಅಲ್ಲಿನ ಗಂಡಸರು ಗಡಿ ದಾಟಿ ಗಣಿಗೆ ಹೋಗ್ತಿದ್ರು. 1980ರ ದಶಕದ ಕೊನೆಯಲ್ಲಿ ಅವರ ಸಂಖ್ಯೆ ಲಕ್ಷ ದಾಟಿತ್ತು. ಗಂಡಸರ ಹಾಸ್ಟೆಲ್‌ನಲ್ಲಿ ವಾಸ, ಊರಿಗೆ ದುಡ್ಡು, ವರ್ಷಕ್ಕೆ ಕೆಲವೇ ದಿನ ಹೆಂಡತಿ ಮಕ್ಕಳ ಮುಖ. 1990ರ ನಂತರ ಗಣಿಗಳು ಸಾವಿರಾರು ಜನರನ್ನ ಮನೆಗೆ ಕಳಿಸಿದವು. ಆಮೇಲೆ ಊರಲ್ಲಿ ಗಾರ್ಮೆಂಟ್ಸ್ ಕಾರ್ಖಾನೆಗಳು ಬಂದವು. ಅಲ್ಲಿ ಕೆಲಸ ಸಿಕ್ಕಿದ್ದು ಹೆಚ್ಚಾಗಿ ಹೆಂಗಸರಿಗೆ. ದುಡ್ಡು ಕಳಿಸೋನೇ ಗಂಡಸು ಅಂತ ಕಲಿತವನು, ಕಳಿಸೋಕೆ ದುಡ್ಡೇ ಇಲ್ಲದಾಗ ಏನಾಗ್ತಾನೆ? ಆ ಪ್ರಶ್ನೆಗೆ ಅವನ ಹತ್ತಿರ ಮಾತಿರಲಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ 2019ರ ಅಂದಾಜಿನ ಪ್ರಕಾರ ಆತ್ಮಹತ್ಯೆಯ ಪ್ರಮಾಣ ಜಗತ್ತಿನಲ್ಲೇ ಅತಿ ಹೆಚ್ಚಿದ್ದದ್ದು ಲೆಸೊಥೊದಲ್ಲಿ. ಅದೇ ಸಂಸ್ಥೆ 2022ರಲ್ಲಿ ಹೇಳಿದ್ದು: ಆಫ್ರಿಕಾ ವಲಯದಲ್ಲಿ ವರ್ಷಕ್ಕೆ ಲಕ್ಷ ಗಂಡಸರಲ್ಲಿ 18 ಜನ ಹೀಗೆ ಸಾಯ್ತಾರೆ, ಜಗತ್ತಿನ ಗಂಡಸರ ಸರಾಸರಿ 12ರ ಆಸುಪಾಸು. ಐದು ಲಕ್ಷ ಜನಕ್ಕೆ ಒಬ್ಬರೇ ಮನೋವೈದ್ಯರು.

ಬಾಯಿ ಮುಚ್ಚಿಸಿದ್ದು ಗಾದೆ ಮಾತ್ರ ಅಲ್ಲ, ಕಾನೂನು ಕೂಡ. ಬ್ರಿಟಿಷರು ಬಿಟ್ಟುಹೋದ ಕಾನೂನಿನಲ್ಲಿ ಸಾಯೋಕೆ ಯತ್ನಿಸೋದು ಅಪರಾಧ. ಹೇಳಿಕೊಂಡ್ರೆ ಆಸ್ಪತ್ರೆಗೆ ಹೋಗ್ತೀನೋ ಸ್ಟೇಷನ್‌ಗೋ ಅನ್ನೋ ಭಯ. ಘಾನಾದ ಸಂಸತ್ತು ಅದನ್ನ ತೆಗೆದದ್ದು 2023ರಲ್ಲಿ. ಕೀನ್ಯಾದ ಹೈಕೋರ್ಟ್ ಅದು ಸಂವಿಧಾನಕ್ಕೆ ವಿರುದ್ಧ ಅಂದಿದ್ದು 2025ರ ಜನವರಿಯಲ್ಲಿ. ನಮ್ಮಲ್ಲೂ ಐಪಿಸಿ 309 ಇತ್ತಲ್ಲ, ಅದೇ ಬಳ್ಳಿಯ ಕಾಯಿ. 2017ರ ಮಾನಸಿಕ ಆರೋಗ್ಯ ಕಾಯ್ದೆ ಅದರ ಹಲ್ಲು ಕಿತ್ತಿತು.

ಈಗ ಜಿಂಬಾಬ್ವೆಗೆ ಬರೋಣ. ಅಲ್ಲಿ ಡಿಕ್ಸನ್ ಚಿಬಾಂಡ ಅಂತ ಮನೋವೈದ್ಯರು. ಅವರ ಹತ್ತಿರ ಚಿಕಿತ್ಸೆ ಪಡೀತಿದ್ದ ಯುವತಿಯೊಬ್ಬಳು 2005ರಲ್ಲಿ ಆತ್ಮಹತ್ಯೆ ಮಾಡಿಕೊಂಡಳು. ಆಸ್ಪತ್ರೆಗೆ ಯಾಕೆ ಕರೆತರಲಿಲ್ಲ ಅಂದ್ರೆ ಮನೆಯವರು ಹೇಳಿದ್ದು, ಬಸ್ ಚಾರ್ಜಿಗೆ 15 ಡಾಲರ್ ಇರಲಿಲ್ಲ. ಮರುವರ್ಷ ಅವರು ಹರಾರೆಯ ಎಂಬಾರೆ ಬಡಾವಣೆಯಲ್ಲಿ 14 ಅಜ್ಜಿಯರಿಗೆ ತರಬೇತಿ ಕೊಟ್ಟು, ಕ್ಲಿನಿಕ್ ಹೊರಗೆ ಮರದ ಬೆಂಚಿನ ಮೇಲೆ ಕೂರಿಸಿದ್ರು. ಬಂದವರ ಕಷ್ಟ ಕೇಳೋದು, ಅದರಲ್ಲಿ ಒಂದನ್ನ ಆರಿಸಿಕೊಂಡು ದಾರಿ ಹುಡುಕೋದು, ಅಷ್ಟೇ.

ಮೊದಲು ಅದಕ್ಕೆ ಮಾನಸಿಕ ಆರೋಗ್ಯದ ಬೆಂಚು ಅಂತ ಹೆಸರಿಟ್ಟಿದ್ರು. ಆ ಹೆಸರಿದ್ರೆ ಯಾರೂ ಕೂರಲ್ಲ ಅಂದದ್ದು ಅಜ್ಜಿಯರೇ. ಹಾಗಾಗಿ ಅದು ಗೆಳೆತನದ ಬೆಂಚಾಯ್ತು. ಡಿಪ್ರೆಶನ್ ಅನ್ನೋ ಪದಾನೂ ಅಜ್ಜಿಯರು ಬಳಸಲ್ಲ. ಶೋನಾ ಭಾಷೆಯಲ್ಲಿ 'ಕುಫುಂಗಿಸಿಸಾ' ಅಂತಾರೆ, ಅಂದ್ರೆ ಅತಿಯಾಗಿ ಯೋಚಿಸೋದು. 573 ಜನರ ಮೇಲೆ ನಡೆದ ಅಧ್ಯಯನ 2016ರಲ್ಲಿ ಪ್ರಕಟವಾಯ್ತು. ಆರು ತಿಂಗಳ ನಂತರ, ಮಾಮೂಲಿ ಚಿಕಿತ್ಸೆ ಪಡೆದವರಲ್ಲಿ ಸುಮಾರು 50 ಶೇಕಡಾ ಜನಕ್ಕೆ ಖಿನ್ನತೆಯ ಲಕ್ಷಣ ಉಳಿದಿತ್ತು. ಬೆಂಚಿನ ಮೇಲೆ ಕೂತವರಲ್ಲಿ 14 ಶೇಕಡಾ.

ಎಷ್ಟು ಚೆನ್ನಾಗಿದೆ ಅಲ್ವಾ? ಆದ್ರೆ ಇನ್ನೊಂದು ಅಂಕಿ ಕೇಳಿ. ಆ 573 ಜನರಲ್ಲಿ ಸುಮಾರು 86 ಶೇಕಡಾ ಹೆಂಗಸರು. ಗಂಡಸರು ಬಂದಿದ್ದು ತೀರಾ ಕಮ್ಮಿ. ಬೆಂಚು ಖಾಲಿ ಇತ್ತು, ಅಜ್ಜಿ ಕಾಯ್ತಿದ್ರು, ಖರ್ಚಿಲ್ಲ, ಹೆಸರಿನಲ್ಲಿ ರೋಗದ ವಾಸನೆ ಇಲ್ಲ. ಆದ್ರೂ ಬರಲಿಲ್ಲ. ಮೈಗೆ ಹುಷಾರಿಲ್ಲದಾಗಲೂ ಕ್ಲಿನಿಕ್ ಕಡೆ ತಲೆ ಹಾಕದವನು, ಹಗಲು ಹೊತ್ತಲ್ಲಿ ನಾಲ್ಕು ಜನರ ಕಣ್ಣೆದುರು ಆ ಬೆಂಚಲ್ಲಿ ಹೇಗೆ ಕೂರ್ತಾನೆ? ಬಾಗಿಲು ತೆರೆದಿಟ್ರೆ ಸಾಲದು ಅನ್ನೋದು ನನಗೆ ಅಲ್ಲಿ ಅರ್ಥ ಆಯ್ತು.

ಅಲ್ಲ, ಅದಕ್ಕಿಂತ ಮೊದಲೇ ಅರ್ಥ ಆಗಿತ್ತು. ಈಗ ನನ್ನ ವಿಷಯ.

ಹೋದ ವರ್ಷ ನನ್ನ ಕೆಲಸ ಹೋಯ್ತು. ಎರಡು ತಿಂಗಳು ಯಾರಿಗೂ ಹೇಳಲಿಲ್ಲ. ದಿನಾ ಒಂಬತ್ತಕ್ಕೆ ಲ್ಯಾಪ್‌ಟಾಪ್ ಬ್ಯಾಗ್ ಹಾಕ್ಕೊಂಡು ಹೊರಡ್ತಿದ್ದೆ. ಒಳಗೆ ಲ್ಯಾಪ್‌ಟಾಪ್ ಇರಲಿಲ್ಲ, ಕಂಪನಿಗೆ ವಾಪಸ್ ಕೊಟ್ಟಾಗಿತ್ತು. ಒಂದು ಪಾರ್ಕಲ್ಲಿ ಸಂಜೆ ತನಕ ಕೂರ್ತಿದ್ದೆ. ಊರಿಂದ ಅಮ್ಮ ಫೋನ್ ಮಾಡಿ "ಊಟ ಆಯ್ತಾ ಮಗಾ, ಕೆಲಸ ಹೆಂಗೈತೆ?" ಅಂದ್ರೆ, "ಎಲ್ಲಾ ಚೆನ್ನಾಗೈತೆ ಕಣಮ್ಮ, ಮೀಟಿಂಗ್ ಐತೆ, ಆಮೇಲೆ ಮಾಡ್ತೀನಿ" ಅಂತಿದ್ದೆ. ಈ ಬದುಕು ಸಾಕು ಅನ್ನೋ ಯೋಚನೆನೂ ಬಂದಿತ್ತು. ಸುಳ್ಳು ಹೇಳಲ್ಲ.

ಅಂಥ ಒಂದು ದಿನ ಆ ಲೆಸೊಥೊ ಹುಡುಗನ ವಾಟ್ಸಾಪ್ ಬಂತು. ಹೇಗಿದ್ದೀಯ ಅಂತ ಅವನು ಕೇಳಲಿಲ್ಲ. ಕೇಳಿದ್ರೆ ಚೆನ್ನಾಗಿದ್ದೀನಿ ಅಂತಿದ್ದೆ. ಅವನು ಕೇಳಿದ್ದು, "ಈಗೀಗ ಎಷ್ಟು ಗಂಟೆಗೆ ನಿದ್ದೆ ಬರುತ್ತೆ?" ಮೂರಕ್ಕೆ ಅಂದೆ. "ಎಷ್ಟು ದಿನದಿಂದ?" ಅಂದ. ಅಷ್ಟಕ್ಕೇ ಎಲ್ಲ ಹೇಳಿಬಿಟ್ಟೆ. ಅವನು ಉಪದೇಶ ಮಾಡಲಿಲ್ಲ. ಗಣಿ ಬಿಟ್ಟು ಬಂದ ಮೇಲೆ ನಮ್ಮಪ್ಪನನ್ನ ಯಾರೂ ಇದನ್ನ ಕೇಳಲಿಲ್ಲ, ನಾನೂ ಕೇಳಲಿಲ್ಲ ಅಂದ.

ಅವತ್ತು ಸಂಜೆ ಹೆಂಡತಿಗೆ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಬ್ಯಾಗ್ ಎತ್ತಿಟ್ಟಾಗಲೇ ಗೊತ್ತಾಯ್ತು ರೀ. ನೀವೇ ಹೇಳ್ತೀರ ಅಂತ ಕಾಯ್ತಿದ್ದೆ" ಅಂದಳು. ನಾನು ಹೇಳೋಕೆ ಹೆದರಿದ್ದೆ, ಅವಳು ಕೇಳೋಕೆ. ಒಂದೇ ಮನೆಯಲ್ಲಿ ಎರಡು ಕುರಿ.

ನನ್ನ ಮಾತು ಇಷ್ಟೇ. ಗಂಡಸರು ಬಾಯಿ ಬಿಡಬೇಕು ಅಂತ ಎಲ್ಲರೂ ಹೇಳ್ತಾರೆ. ಬಾಯಿ ಬಿಡೋದು ಕಷ್ಟ. ನಾವು ಕೇಳೋದನ್ನ ಕಲಿಯೋಣ. ಸಣ್ಣದಾಗಿ, ಉತ್ತರ ಕೊಡೋಕೆ ಆಗೋ ಥರ: ನಿದ್ದೆ ಹೇಗಿದೆ, ಊಟ ಸೇರ್ತಿದ್ಯಾ, ಊರಿಗೆ ಹೋಗಿ ಎಷ್ಟು ದಿನ ಆಯ್ತು. ಕೇಳಿ, ಆಮೇಲೆ ಸುಮ್ಮನಿರಿ. ಅವನಿಗೆ ಹೊತ್ತು ಬೇಕು.

ನಿಮಗೇ ಕಷ್ಟ ಆಗ್ತಿದ್ರೆ 14416ಕ್ಕೆ ಫೋನ್ ಮಾಡಿ. ಸರ್ಕಾರದ ಟೆಲಿ ಮಾನಸ್, ಹಗಲೂ ರಾತ್ರಿ, ದುಡ್ಡಿಲ್ಲ, ಕನ್ನಡದಲ್ಲೂ ಮಾತಾಡಬಹುದು.

ಈ ವಿಡಿಯೋ ಮುಗಿದ ಮೇಲೆ ಹಳೇ ಟೀಮಿನ ಒಬ್ಬ ಗೆಳೆಯನಿಗೆ ಫೋನ್ ಮಾಡಿ. ಇತ್ತೀಚೆಗೆ ಗ್ರೂಪಲ್ಲಿ ಮಾತು ಕಮ್ಮಿ ಮಾಡಿದ್ದಾನಲ್ಲ, ಅವನಿಗೆ.