ಅಜ್ಜಿಯ ಮಾತಿಗೂ ಆಧಾರ ಬೇಕಾ?



ನಾನು ಸಾಫ್ಟ್‌ವೇರ್ ಕೆಲಸದವಳು, ಡಾಕ್ಟರ್ ಅಲ್ಲ. ಆದರೂ ಬಿಡುವಾದಾಗ ಕನ್ನಡ ವಿಕಿಪೀಡಿಯದಲ್ಲಿ ಆರೋಗ್ಯದ ಲೇಖನ ಬರೆಯಲು ಬರುವ ಹೊಸಬರಿಗೆ ಜೊತೆಯಾಗುತ್ತೇನೆ. “ಡಾಕ್ಟರ್ ಅಲ್ಲದವರು ಇದನ್ನೆಲ್ಲ ಬರೆಯಬಹುದಾ?” ಎಂದು ಬಂದವರೆಲ್ಲ ಕೇಳುತ್ತಾರೆ. ಬರೆಯಬಹುದು. ಯಾಕೆಂದರೆ ಅಲ್ಲಿ ನಮ್ಮ ಸ್ವಂತ ಅಭಿಪ್ರಾಯ ಬರೆಯುವುದಿಲ್ಲ. ಬಲ್ಲವರು ಪ್ರಕಟಿಸಿದ್ದನ್ನು ನಮ್ಮ ಮಾತಿನಲ್ಲಿ ಹೇಳಿ, ಎಲ್ಲಿಂದ ತಂದೆವು ಎಂದು ತೋರಿಸುತ್ತೇವೆ.

ಕನ್ನಡ ವಿಕಿಪೀಡಿಯ ಶುರುವಾಗಿದ್ದು 2003ರಲ್ಲಿ. ಹೊಸಬರನ್ನು ಮೊದಲು ‘ಪ್ರಯೋಗಪುಟ’ಕ್ಕೆ ಕರೆದೊಯ್ಯುತ್ತೇನೆ. ಅಲ್ಲಿ ಬರೆದು ಅಳಿಸಿ ಧೈರ್ಯವಾಗಿ ಕಲಿಯಬಹುದು. ಸಂದೇಹ ಬಂದರೆ ಪ್ರತಿ ಲೇಖನಕ್ಕೂ ಚರ್ಚೆಯ ಪುಟವಿದೆ, ಎಲ್ಲರೂ ಸೇರುವ ‘ಅರಳಿ ಕಟ್ಟೆ’ಯಿದೆ. ಇಷ್ಟು ಒಂದು ಸಂಜೆಯಲ್ಲಿ ಬಂದುಬಿಡುತ್ತದೆ. ಕಷ್ಟ ಇರುವುದು ಬೇರೆ ಕಡೆ.

ಎದೆಹಾಲಿನ ಬಗ್ಗೆ ಬರೆಯುತ್ತಿದ್ದ ಒಬ್ಬ ಹುಡುಗಿ, ಹುಟ್ಟಿದ ಮಗುವಿಗೆ ಜೇನುತುಪ್ಪ ನೆಕ್ಕಿಸಬೇಕು ಎಂದು ಸೇರಿಸಿದ್ದಳು. ಆಧಾರ ಕೇಳಿದೆ. “ನಮ್ಮಜ್ಜಿ ಎಂಟು ಮಕ್ಕಳನ್ನು ಸಾಕಿದವರು. ಅವರ ಮಾತಿಗೂ ಆಧಾರ ಬೇಕಾ ಅಕ್ಕಾ?” ಅಂದಳು. ದನಿಯಲ್ಲಿ ನೋವಿತ್ತು.

ಇಬ್ಬರೂ ಕೂತು ಹುಡುಕಿದೆವು. ಮೊದಲ ಆರು ತಿಂಗಳು ಎದೆಹಾಲು ಮಾತ್ರ ಸಾಕು, ನೀರೂ ಬೇಡ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಜೇನುತುಪ್ಪದಲ್ಲಿ ಒಂದು ಬಗೆಯ ಬ್ಯಾಕ್ಟೀರಿಯಾದ ಸ್ಪೋರ್‌ಗಳು ಇರುವ ಸಾಧ್ಯತೆಯಿದೆ. ವರ್ಷ ತುಂಬದ ಮಗುವಿನ ಕರುಳಿನಲ್ಲಿ ಅವು ಬೆಳೆದು ವಿಷ ಉಂಟುಮಾಡಬಹುದು. ಇದೇ ಬಾಟ್ಯುಲಿಸಂ. ಅಪರೂಪದ ಕಾಯಿಲೆ, ಆದರೆ ಅಪಾಯದ್ದು.

“ಹಾಗಾದರೆ ಅಜ್ಜಿಯನ್ನು ಅಳಿಸಿಬಿಡಲಾ?” ಎಂದಳು. ಬೇಡ ಅಂದೆ. ಇಂಥ ರೂಢಿ ಇದೆ ಎಂದು ಪ್ರಕಟವಾದ ಪುಸ್ತಕದ ಆಧಾರವಿಟ್ಟು ಬರೆಯಬಹುದು, ಅದರ ಅಪಾಯವನ್ನೂ ಪಕ್ಕದಲ್ಲೇ ಹೇಳಬೇಕು. ‘ನೆಕ್ಕಿಸಬೇಕು’ ಎಂದು ಮಾತ್ರ ಬರೆಯುವಂತಿಲ್ಲ. ಅಜ್ಜಿಯ ಮೇಲಿನ ಗೌರವ ಬೇರೆ, ಓದುವ ತಾಯಿಗೆ ನಾವು ಕೊಡುವ ಮಾಹಿತಿ ಬೇರೆ.

ಆಮೇಲೆ ಹೊಸಬರಿಗೆ ಮೂರು ಮಾತು ಹೇಳುವುದು ರೂಢಿಯಾಯಿತು. ಒಂದು, ಪತ್ರಿಕೆಯ ಸುದ್ದಿಯನ್ನೋ ಒಂದೇ ಒಂದು ಅಧ್ಯಯನವನ್ನೋ ನೆಚ್ಚಬೇಡಿ. ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದ ವಿಮರ್ಶಾ ಲೇಖನ, ವೈದ್ಯಕೀಯ ಪಠ್ಯಪುಸ್ತಕ, ಆರೋಗ್ಯ ಸಂಸ್ಥೆಗಳ ಮಾರ್ಗಸೂಚಿ ಹುಡುಕಿ. ಆದಷ್ಟು ಇತ್ತೀಚಿನದಿರಲಿ. ಎರಡು, ‘ಹೀಗೆ ಮಾಡಿ’ ಎನ್ನಬೇಡಿ. ಯಾರು ಶಿಫಾರಸು ಮಾಡಿದ್ದಾರೆ ಎಂದು ಹೇಳಿ. ಮೂರು, ಅಳತೆಗಳನ್ನು ಮೂಲದ ಜೊತೆ ಇಟ್ಟು ಇನ್ನೊಮ್ಮೆ ಓದಿ. ಭೇದಿಯಾದಾಗ ಮನೆಯಲ್ಲಿ ಮಾಡುವ ದ್ರಾವಣಕ್ಕೆ ಒಂದು ಲೀಟರ್ ಶುದ್ಧ ನೀರು, ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಎಲ್ಲವೂ ಮಟ್ಟಸ ಚಮಚ. ಬರೀ ‘ಚಮಚ’ ಎಂದು ಬರೆದರೆ ಒಬ್ಬರು ಊಟದ ಚಮಚ ಹಿಡಿಯುತ್ತಾರೆ, ಇನ್ನೊಬ್ಬರು ತುಂಬಿ ಸುರಿಯುತ್ತಾರೆ. ಉಪ್ಪು ಹೆಚ್ಚಾದರೆ ಮಗುವಿನ ಜೀವಕ್ಕೇ ಕುತ್ತು.

ಇಂಗ್ಲಿಷ್ ಓದುವವರಿಗೆ ಹೋಲಿಸಿ ನೋಡಲು ಹತ್ತು ಪುಟ ಸಿಗುತ್ತವೆ. ಕನ್ನಡ ಮಾತ್ರ ಬಲ್ಲ ತಾಯಿಗೆ ಸಿಗುವುದು ಒಂದೇ ಪುಟ ಇರಬಹುದು. ಊರಿಂದ ದೂರ ಇದ್ದು ಎರಡು ಮೂರು ಭಾಷೆ ಕಲಿತಿರುವ ನಾವು ಆ ಪುಟವನ್ನು ಸರಿಯಾಗಿ ಇಡಬಲ್ಲೆವು. ಹೊಸ ಲೇಖನವೇ ಆಗಬೇಕೆಂದಿಲ್ಲ. ಈ ವಾರ ಆಧಾರವಿಲ್ಲದ ಒಂದು ವಾಕ್ಯ ಹುಡುಕಿ, ಅದಕ್ಕೊಂದು ಒಳ್ಳೆಯ ಆಧಾರ ಸೇರಿಸಿ. ಜೊತೆಗೆ ನಾನಿರುತ್ತೇನೆ.