ಗೆದ್ದವನಿಗೆ ಎರಡನೆಯ ಶಾಲೆ

ಮುಷ್ಟಿಯುದ್ಧವೆಂದೊಡನೆ ನಮ್ಮಲ್ಲಿ ಹಲವರ ಕಣ್ಣಿಗೆ ಕಟ್ಟುವುದು ಒಡೆದ ಮೂಗು, ಊದಿದ ಕಣ್ಣು, ಸುತ್ತಲೂ ಕೂಗಾಡುವ ಜನ. ಅದೂ ಒಂದು ವಿದ್ಯೆಯೆ ಎಂದು ಕೇಳುವವರುಂಟು. ಪ್ರಶ್ನೆ ಅನುಚಿತವಲ್ಲ. ವಿದ್ಯೆಯೆಂದ ಮೇಲೆ ಅದಕ್ಕೆ ಗುರುವಿರಬೇಕು, ಕ್ರಮವಿರಬೇಕು, ಪರೀಕ್ಷೆಯಿರಬೇಕು. ಎಲ್ಲಕ್ಕೂ ಮಿಗಿಲಾಗಿ, ಬಲ್ಲೆನೆಂದು ನಿಂತವನಿಗೆ ಇನ್ನೂ ಕಲಿಯುವುದುಂಟೆಂದು ತೋರಿಸಿಕೊಡುವ ಗುಣ ಅದಕ್ಕಿರಬೇಕು. ಇವಿಷ್ಟೂ ಮುಷ್ಟಿಯುದ್ಧದಲ್ಲಿ ಉಂಟೆಂಬುದಕ್ಕೆ ಉಕ್ರೇನ್ ದೇಶದ ವಾಸಿಲ್ ಲೊಮಚೆಂಕೊ ಎಂಬಾತನ ವೃತ್ತಾಂತವನ್ನು ನಿಮ್ಮ ಮುಂದಿಡುತ್ತೇನೆ.

ಕಪ್ಪು ಸಮುದ್ರಕ್ಕೆ ಹತ್ತಿರದಲ್ಲಿ, ದ್ನೀಸ್ಟರ್ ನದಿಯ ಅಳಿವೆಯ ದಂಡೆಯ ಮೇಲೆ, ಬಿಲ್ಹೊರೊದ್-ದ್ನಿಸ್ತ್ರೋವ್‌ಸ್ಕಿ ಎಂಬ ಹಳೆಯ ಕೋಟೆಯ ಊರೊಂದಿದೆ. ಲೊಮಚೆಂಕೊ ಅಲ್ಲಿ 1988ರ ಫೆಬ್ರವರಿ 17ರಂದು ಜನಿಸಿದನು. ತಂದೆ ಅನತೋಲಿಯೇ ಆತನಿಗೆ ಗುರು. ಮಗನು ತೀರ ಎಳೆಯ ವಯಸ್ಸಿನಲ್ಲಿಯೇ ಕೈಗವಸು ತೊಟ್ಟನು. ಆದರೆ ಕೆಲಕಾಲ ಕಳೆದ ಮೇಲೆ ತಂದೆಯು ಆತನನ್ನು ಗರಡಿಯಿಂದ ಬಿಡಿಸಿ, ಕೆಲವು ವರ್ಷ ತಮ್ಮ ನಾಡಿನ ಜನಪದ ನೃತ್ಯವನ್ನು ಕಲಿಯಲು ಕಳುಹಿಸಿದನು! ಗುದ್ದಾಡುವ ಹುಡುಗನಿಗೆ ಕುಣಿತವೇಕೆ? ಮುಷ್ಟಿಯ ಬಲವು ಪಾದದಲ್ಲಿದೆಯೆಂಬುದು ಆ ತಂದೆಯ ಮತ. ಕಾಲು ಸರಿಯಾದ ಎಡೆಯಲ್ಲಿ ನಿಂತರೆ ಕೈ ತಾನಾಗಿ ದಾರಿ ಕಂಡುಕೊಳ್ಳುತ್ತದೆ. ಕಾಲು ತಪ್ಪಿದರೆ ಭೀಮನ ಗುದ್ದೂ ಗಾಳಿಗೆ ಬೀಳುತ್ತದೆ. ಮುಂದೆ ಲೋಕವು ಬೆರಗಾಗಿ ನೋಡಿದ್ದು ಆತನ ಕೈಗಳಿಗಿಂತ ಹೆಚ್ಚಾಗಿ ಆ ಹೆಜ್ಜೆಗಳನ್ನೇ. ಎದುರಾಳಿಯ ಮುಂದೆ ಇದ್ದವನು ಕಣ್ಣೆವೆ ಮಿಟುಕಿಸುವಷ್ಟರಲ್ಲಿ ಮಗ್ಗುಲಿಗೆ ಸರಿದಿರುತ್ತಿದ್ದನು.

ಹವ್ಯಾಸಿಯಾಗಿ ಆತನು ಪಡೆದ ಕೀರ್ತಿ ಅಸಾಮಾನ್ಯವಾದುದು. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಚಿನ್ನ. ಅದರ ಮೇಲೆ, ಆ ಕೂಟದ ಅತ್ಯುತ್ತಮ ಮುಷ್ಟಿಪಟುವಿಗೆ ಸಲ್ಲುವ ವಾಲ್ ಬಾರ್ಕರ್ ಪಾರಿತೋಷಕ. 2012ರಲ್ಲಿ ಲಂಡನ್ನಿನಲ್ಲಿ ಮೇಲಿನ ತೂಕದ ವರ್ಗದಲ್ಲಿ ಮತ್ತೊಂದು ಚಿನ್ನ. ನಡುವೆ 2009ರಲ್ಲಿಯೂ 2011ರಲ್ಲಿಯೂ ವಿಶ್ವವಿಜೇತ. ಒಟ್ಟು 396 ಗೆಲವು, ಒಂದೇ ಒಂದು ಸೋಲು ಎಂದು ಆತನ ಲೆಕ್ಕವನ್ನು ಹೇಳುತ್ತಾರೆ. ಆ ಒಂದು ಸೋಲು 2007ರಲ್ಲಿ ಷಿಕಾಗೋ ನಗರದಲ್ಲಿ, ರಷ್ಯದ ಆಲ್ಬರ್ಟ್ ಸೆಲಿಮೋವನಿಂದ ಬಂದದ್ದು. ಅದನ್ನೂ ಆತನು ಮುಂದೆ ಎರಡು ಬಾರಿ ತೀರಿಸಿಕೊಂಡನು.

ಇಂಥವನು 2013ರಲ್ಲಿ ವೃತ್ತಿಪರರ ಕಣಕ್ಕೆ ಇಳಿದನು. ಈ ಎರಡು ಕಣಗಳ ಭೇದವನ್ನು ತಿಳಿದಲ್ಲದೆ ಮುಂದಿನ ಕಥೆಯ ಸ್ವಾರಸ್ಯ ತಿಳಿಯದು. ಹವ್ಯಾಸಿಗಳ ಕಾಳಗವು ಮೂರೋ ನಾಲ್ಕೋ ಸುತ್ತು. ಆತನ ಕಾಲದಲ್ಲಿ ತಲೆಗೆ ಮೆತ್ತನೆಯ ಕವಚವಿತ್ತು. ಚುರುಕಾಗಿ ತಾಗಿಸಿ ದೂರ ಸರಿದವನಿಗೆ ಅಂಕ ದೊರೆಯುತ್ತಿತ್ತು. ವೃತ್ತಿಪರರ ಪಟ್ಟದ ಕಾಳಗವಾದರೋ ಮೂರು ಮೂರು ನಿಮಿಷಗಳ ಹನ್ನೆರಡು ಸುತ್ತು. ತಲೆಗೆ ಕವಚವಿಲ್ಲ. ಇಲ್ಲಿ ತೂಗುವುದು ಹೊಡೆತದ ಭಾರ, ತಾಳಿಕೆ, ದಣಿವಿನಲ್ಲಿಯೂ ಕೆಡದ ಬುದ್ಧಿ. ಒಂದೇ ಆಟವಾದರೂ ತಕ್ಕಡಿ ಬೇರೆ.

ಲೊಮಚೆಂಕೊ ತಾಳ್ಮೆಯಿಂದ ಮೆಟ್ಟಿಲೇರುವವನಲ್ಲ. ಎರಡನೆಯ ಕಾಳಗದಲ್ಲಿಯೇ, 2014ರ ಮಾರ್ಚಿಯಲ್ಲಿ, ಅಮೆರಿಕದ ಸಾನ್ ಆಂಟೋನಿಯೊದಲ್ಲಿ ವಿಶ್ವಪಟ್ಟಕ್ಕಾಗಿ ನಿಂತನು. ಎದುರಾಳಿ ಮೆಕ್ಸಿಕೋ ದೇಶದ ಓರ್ಲಾಂಡೊ ಸಲಿಡೊ. ಅದುವರೆಗೆ ಹನ್ನೆರಡು ಸಲ ಸೋತಿದ್ದವನು. ಆತನು ತೂಕದ ಮಿತಿಯನ್ನು ಮೀರಿ ಬಂದು ತಕ್ಕಡಿಯ ಮೇಲೆಯೇ ಪಟ್ಟವನ್ನು ಕಳೆದುಕೊಂಡಿದ್ದನು. ಕಣದಲ್ಲಿಯಾದರೋ ಮೈಭಾರವೆಲ್ಲ ಹೇರಿ ಅಪ್ಪಿದನು, ಒತ್ತಿದನು, ಪಕ್ಕೆಗೂ ಹೊಟ್ಟೆಗೂ ಗುದ್ದಿದನು, ಹಲವು ಸಲ ಸೊಂಟದ ಕೆಳಕ್ಕೂ ಹೊಡೆದನು. ಕೊನೆಯ ಸುತ್ತಿನಲ್ಲಿ ಲೊಮಚೆಂಕೊ ಆತನನ್ನು ಕೆಡಹುವಷ್ಟಕ್ಕೆ ತಂದರೂ ಹೊತ್ತು ಮೀರಿತ್ತು. ಮೂವರು ತೀರ್ಪುಗಾರರಲ್ಲಿ ಇಬ್ಬರು ಸಲಿಡೊನ ಕಡೆಗೆ ನಿಂತರು. 396 ಗೆಲವುಗಳ ಒಡೆಯನು ಹನ್ನೆರಡು ಸೋಲುಗಳ ಅನುಭವಿಗೆ ಸೋತನು!

ಸೋಲಿಗೆ ನೆಪಗಳು ಸಾಕಷ್ಟಿದ್ದುವು. ನೆಪವಿದ್ದೂ ಆತನು ಮಾಡಿದ್ದೇನು? ದುರ್ಬಲರನ್ನು ಹುಡುಕಿಕೊಂಡು ಹೋಗಲಿಲ್ಲ. ನಾಲ್ಕೇ ತಿಂಗಳೊಳಗೆ, ಅದೇ ವರ್ಷದ ಜೂನಿನಲ್ಲಿ, ಅಲ್ಲಿಯವರೆಗೆ ಸೋಲರಿಯದ ಗ್ಯಾರಿ ರಸೆಲ್‌ನನ್ನು ಎದುರಿಸಿ, ಮೂರನೆಯ ಕಾಳಗದಲ್ಲಿಯೇ ವಿಶ್ವಪಟ್ಟವನ್ನು ಪಡೆದನು. 2016ರಲ್ಲಿ ಎರಡನೆಯ ತೂಕದಲ್ಲಿ ಪಟ್ಟ. 2017ರ ಡಿಸೆಂಬರಿನಲ್ಲಿ, ತನ್ನಂತೆಯೇ ಎರಡು ಒಲಿಂಪಿಕ್ ಚಿನ್ನ ಗಳಿಸಿದ್ದ ಕ್ಯೂಬದ ರಿಗೊಂಡೋ ಆತನ ಹೆಜ್ಜೆಗೆ ಉತ್ತರ ಕಾಣದೆ ಆರು ಸುತ್ತು ಮುಗಿದೊಡನೆ ಪೀಠದಿಂದ ಏಳಲೊಲ್ಲದೆ ಹೋದನು.

ಮಾರನೆಯ ವರ್ಷ ಮೇ ತಿಂಗಳಲ್ಲಿ ನ್ಯೂಯಾರ್ಕಿನಲ್ಲಿ ಹೊರ್ಹೆ ಲಿನಾರೆಸ್‌ನೊಡನೆ ನಡೆದ ಕಾಳಗವನ್ನು ವಿಶೇಷವಾಗಿ ಗಮನಿಸಬೇಕು. ಲೊಮಚೆಂಕೊವಿನ ಬಲಭುಜ ನೊಂದಿತ್ತು. ಆರನೆಯ ಸುತ್ತಿನಲ್ಲಿ ನೆಲಕ್ಕೂ ಬಿದ್ದನು. ಎದ್ದು ಕಾದಾಡಿ, ಹತ್ತನೆಯ ಸುತ್ತಿನಲ್ಲಿ ಎಡಗೈಯಿಂದ ಎದುರಾಳಿಯ ಯಕೃತ್ತಿನ ಎಡೆಗೆ ಗುದ್ದಿ ಗೆದ್ದನು. ಮೈಗೆ ಹೊಡೆಯುವ ಪಾಠವನ್ನು ಸಲಿಡೊ ಆತನ ಮೈಯ ಮೇಲೆಯೇ ಬರೆದಿದ್ದನಷ್ಟೆ! ಹನ್ನೆರಡೇ ಕಾಳಗಗಳಲ್ಲಿ ಮೂರು ತೂಕಗಳ ಪಟ್ಟವನ್ನು ಪಡೆದವರು ಅದಕ್ಕೆ ಮುಂಚೆ ಯಾರೂ ಇರಲಿಲ್ಲ. 2020ರಲ್ಲಿ ಟಿಯೋಫಿಮೊ ಲೋಪೆಸ್ ಎಂಬ ತರುಣನು ಆತನನ್ನು ಸೋಲಿಸಿ ಪಟ್ಟಗಳನ್ನು ಕಸಿದುಕೊಂಡನು.

ವೃತ್ತಿ ಎಂಬ ಪದಕ್ಕೆ ಜೀವನೋಪಾಯವೆಂಬ ಅರ್ಥವಿರುವಂತೆ ನಡತೆಯೆಂಬ ಅರ್ಥವೂ ಉಂಟು. 2022ರ ಫೆಬ್ರವರಿಯಲ್ಲಿ ರಷ್ಯದ ಸೇನೆ ಉಕ್ರೇನಿನ ಮೇಲೆ ಬಿದ್ದಾಗ ಈ ಎರಡು ಅರ್ಥಗಳೂ ಆತನೆದುರು ಬೇರೆ ಬೇರೆಯಾಗಿ ನಿಂತುವು. ಆಸ್ಟ್ರೇಲಿಯದ ಜಾರ್ಜ್ ಕಂಬೋಸೋಸ್‌ನೊಡನೆ ಪಟ್ಟಕ್ಕಾಗಿ ಕಾದಾಡುವ ಮಾತು ನಡೆದಿತ್ತು. ಲೊಮಚೆಂಕೊ ತನ್ನೂರಿನ ರಕ್ಷಣಾದಳದ ಸಮವಸ್ತ್ರವನ್ನು ತೊಟ್ಟು ಆ ಅವಕಾಶವನ್ನು ಬಿಟ್ಟುಕೊಟ್ಟನು. ಆತನ ಸ್ಥಾನದಲ್ಲಿ ನಿಂತ ಡೆವಿನ್ ಹೇನಿ ಪಟ್ಟಗಳನ್ನೆಲ್ಲ ಗೆದ್ದುಕೊಂಡನು. ಮರುವರ್ಷ ಅದೇ ಹೇನಿಯೊಡನೆ ಕಾದಾಡಿ ಲೊಮಚೆಂಕೊ ಅಲ್ಪ ಅಂತರದಲ್ಲಿ ಸೋತನು. ಮೂವತ್ತೈದು ದಾಟಿದ ಮುಷ್ಟಿಪಟುವಿಗೆ ಕಳೆದ ವರ್ಷಗಳು ಹಿಂದಿರುಗುವುದಿಲ್ಲ. ಆ ಬೆಲೆಯನ್ನು ಆತನು ತೆತ್ತನು. ಆದರೂ 2024ರ ಮೇ ತಿಂಗಳಲ್ಲಿ ಪರ್ತ್ ನಗರದಲ್ಲಿ ಆ ಕಂಬೋಸೋಸ್‌ನನ್ನೇ ಹನ್ನೊಂದನೆಯ ಸುತ್ತಿನಲ್ಲಿ ಮಣಿಸಿ ಮತ್ತೊಮ್ಮೆ ಪಟ್ಟವೇರಿದನು. 2025ರ ಜೂನಿನಲ್ಲಿ ಕೈಗವಸನ್ನು ಕಳಚಿಟ್ಟನು. ವೃತ್ತಿಪರನಾಗಿ 21 ಕಾಳಗ, 18 ಗೆಲವು, 3 ಸೋಲು.

396ಕ್ಕೆ ಒಂದು, 18ಕ್ಕೆ ಮೂರು. ಅಂಕಗಳನ್ನಷ್ಟೇ ನೋಡುವವರಿಗೆ ಎರಡನೆಯದು ಇಳಿತವಾಗಿ ಕಾಣಬಹುದು. ಮೇಷ್ಟರ ಕೆಲಸದಲ್ಲಿ ತಲೆ ನರೆತ ನನಗೆ ಹಾಗೆ ಕಾಣುವುದಿಲ್ಲ. ಕೆಳಗಿನ ತರಗತಿಯಲ್ಲಿ ಮೊದಲಿಗನಾಗಿದ್ದ ಹುಡುಗನು ಮೇಲಿನ ತರಗತಿಗೆ ಬಂದು ಎಡವುವುದನ್ನು ನೀವೂ ಮನೆಯಲ್ಲಿ ಕಂಡಿರುತ್ತೀರಿ. ಆಗ ಹಿಂದಿನ ಅಂಕಗಳನ್ನು ಎತ್ತಿ ಹಂಗಿಸಬೇಡಿರಿ. ತಕ್ಕಡಿ ಬದಲಾಗಿದೆಯೆಂದು ತಿಳಿಯಹೇಳಿರಿ. ಹೆಜ್ಜೆ ತಪ್ಪಿದ್ದೆಲ್ಲಿ ಎಂದು ಜೊತೆಯಲ್ಲಿ ಕುಳಿತು ನೋಡಿರಿ. ಸಾನ್ ಆಂಟೋನಿಯೊದಲ್ಲಿ ಸೋತುಬಂದ ಮಗನನ್ನು ಕಣದ ಮೂಲೆಯಲ್ಲಿ ಎದುರುಗೊಂಡವನು, ಹಿಂದೆ ಆತನನ್ನು ಕುಣಿತಕ್ಕೆ ಕಳುಹಿಸಿದ್ದ ಆ ತಂದೆಯೇ.